ಸ್ಟೋರ್ ರೂಮು ಬಾತ್‌ರೂಮ್ ಆದರೆ ಡಿಬಿ ಎಲ್ಲಿರಬೇಕು?

ಪ್ರಶ್ನೆ: ನಮ್ಮದು ಹಳೆಯ ಮನೆ. ಅತ್ತೆಗೆ ಮಂಡಿ ನೋವು, ಮಹಡಿ ಹತ್ತಲು ಆಗುವುದಿಲ್ಲ. ಹಾಗಾಗಿ ಕೆಳಗೆ ಹಾಲ್ ಪಕ್ಕದ ಸ್ಟೋರ್ ರೂಮನ್ನೇ ಬಾತ್‌ರೂಮ್ ಮಾಡಿಸುತ್ತಿದ್ದೇವೆ. ಆದರೆ ಡಿಬಿ ಬಾಕ್ಸ್, ಅಂದರೆ ಮನೆಯ ಲೈನುಗಳೆಲ್ಲ ಬಂದು ಸೇರುವ, ಎಂಸಿಬಿಗಳಿರುವ (ಲೋಡ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್ಚುಗಳು) ಡಬ್ಬಿ, ಆ ರೂಮಿನ ಗೋಡೆಯಲ್ಲೇ ಇದೆ. ‘ಪ್ಲಾಸ್ಟಿಕ್ ಬಾಗಿಲು ಹಾಕಿದ್ರೆ ಸಾಕು, ಏನೂ ಆಗಲ್ಲ’ ಅಂತಾರೆ ಮೇಸ್ತ್ರಿ. ನ್ಯೂಜೆರ್ಸಿಯಲ್ಲಿರುವ ಮಗ ‘ಇಲ್ಲಿ ಹಾಗೆ ಮಾಡೋಕೆ ಬಿಡೋದೇ ಇಲ್ಲಮ್ಮ’ ಅಂತಾನೆ. ನಮ್ಮ ದೇಶದಲ್ಲೂ ಅಂಥ ನಿಯಮ ಇದೆಯಾ ಸರ್?
— ಗೃಹಿಣಿ, ತುಮಕೂರು

ಉತ್ತರ: ಇದೆ ತಾಯಿ. ನಿಮ್ಮ ಮಗ ಹೇಳಿದ್ದೂ ಸರಿ. ಅಮೆರಿಕದ ನ್ಯಾಷನಲ್ ಎಲೆಕ್ಟ್ರಿಕಲ್ ಕೋಡಿನ 240.24ನೇ ವಿಧಿ ಪ್ರಕಾರ ಮನೆಯ ಬಾತ್‌ರೂಮಿನಲ್ಲಿ ಬ್ರೇಕರ್ (ನಮ್ಮ ಎಂಸಿಬಿ ಥರದ್ದು) ಇಡುವಂತಿಲ್ಲ. ಬಟ್ಟೆ ಇಡುವ ಕ್ಲಾಸೆಟ್ಟಿನಲ್ಲೂ ಇಲ್ಲ, ಬೆಂಕಿ ಹತ್ತುತ್ತದೆ ಅಂತ. ಮೆಟ್ಟಿಲ ಮೇಲೂ ಇಲ್ಲ. ಪ್ಯಾನೆಲ್ (ಅಲ್ಲಿಯ ಡಿಬಿ) ಮುಂದೆ ಕನಿಷ್ಠ 3 ಅಡಿ ಜಾಗ ಖಾಲಿ ಬಿಡಬೇಕು ಅನ್ನುವ ನಿಯಮ ಬೇರೆ ಇದೆ. ಚಿಕ್ಕ ಬಾತ್‌ರೂಮಿನಲ್ಲಿ ಆ 3 ಅಡಿಯೊಳಗೆ ಕಮೋಡೇ ಬಂದು ಕೂತಿರುತ್ತದೆ.

ನಮ್ಮ ನ್ಯಾಷನಲ್ ಬಿಲ್ಡಿಂಗ್ ಕೋಡ್ 2016 ಇನ್ನೂ ಖಡಕ್. ಸ್ವಿಚ್‌ಬೋರ್ಡನ್ನು (ದೀಪದ ಸ್ವಿಚ್ಚಲ್ಲ, ಡಿಬಿಯಂಥದ್ದು) ಸಿಂಕ್ ಮೇಲೆ, ಗ್ಯಾಸ್ ಒಲೆ ಮೇಲೆ, ಬಾತ್‌ರೂಮಿನಲ್ಲಿ, ಟಾಯ್ಲೆಟ್ಟಿನಲ್ಲಿ ಕೂರಿಸಬಾರದು ಅನ್ನುತ್ತದೆ. ಅಡುಗೆಮನೆಯೂ ಅದೇ ಸಾಲಿನಲ್ಲಿದೆ. ಅಡುಗೆಮನೆ ಬಾಗಿಲ ಮೇಲೆ ಡಿಬಿ ಕೂರಿಸಿದವರು ನಮ್ಮಲ್ಲಿ ಎಷ್ಟು ಜನ ಇದ್ದಾರೋ! ಇರಲಿ, ಆ ಜಗಳ ಇನ್ನೊಂದು ಸಂಚಿಕೆಗೆ.

ಮೇಸ್ತ್ರಿ ತಲೆಯಲ್ಲಿರುವುದು ನೀರಿನ ಹನಿ ಮಾತ್ರ. ಅದನ್ನು ಪ್ಲಾಸ್ಟಿಕ್ ಬಾಗಿಲು ತಡೆಯಬಹುದು. ಆವಿಯನ್ನು ತಡೆಯಲ್ಲ. ಬೆಳಿಗ್ಗೆ ಮನೆಯವರೆಲ್ಲ ಬಿಸಿನೀರು ಸುರಿದುಕೊಂಡು ಹೋದ ಮೇಲೆ ಕನ್ನಡಿ ಮಂಜಾಗಿರುತ್ತದಲ್ಲ, ಆ ಆವಿ ಸಂದಿಯಲ್ಲಿ ನುಗ್ಗಿ ಡಿಬಿ ಒಳಗೂ ನೀರಾಗಿ ಕೂರುತ್ತದೆ. ನ್ಯೂಟ್ರಲ್ ವೈರುಗಳನ್ನೆಲ್ಲ ಕೂಡಿಸುವ ಹಿತ್ತಾಳೆಯ ಪಟ್ಟಿ (ನ್ಯೂಟ್ರಲ್ ಲಿಂಕ್) ಹಸಿರು ಕಟ್ಟುತ್ತದೆ. ಸ್ಕ್ರೂ ತುಕ್ಕು ಹಿಡಿಯುತ್ತದೆ. ಕಚ್ಚಿಕೊಂಡಿದ್ದ ವೈರ್ ಸಡಿಲವಾದರೆ ಅಲ್ಲೇ ಬಿಸಿಯಾಗಿ ಕರಗಲು ಶುರು. ಇನ್ನು ಎಂಸಿಬಿ ಹೊಟ್ಟೆಯಲ್ಲಿ ಸಣ್ಣ ಸ್ಪ್ರಿಂಗು, ಕೊಂಡಿ, ಒಂದು ಕಾಯಿಲ್, ಬಿಸಿಯಾದರೆ ಬಾಗುವ ಲೋಹದ ಪಟ್ಟಿ ಇರುತ್ತವೆ. ಲೋಡ್ ಜಾಸ್ತಿಯಾದರೆ ಪಟ್ಟಿ ಬಾಗಿ ಕೊಂಡಿ ಕಳಚುತ್ತದೆ. ಶಾರ್ಟ್ ಆದರೆ ಕಾಯಿಲ್ ಎಳೆಯುತ್ತದೆ. ತುಕ್ಕು ಹಿಡಿದ ಕೊಂಡಿ ಬೀಳಬೇಕಾದ ಹೊತ್ತಿಗೆ ಬೀಳದೇ ಹೋಗಬಹುದು. ಹೊರಗಿನಿಂದ ನೋಡಿದರೆ ಹೊಸದರ ಥರಾನೇ ಇರುತ್ತದೆ! ನನಗೆ ಶಾಕ್‌ಗಿಂತ ಇದರದ್ದೇ ಭಯ ಜಾಸ್ತಿ.

ಇನ್ನೊಂದು ವಿಷಯ ನಿಮ್ಮ ಮನೆಗೇ ಸಂಬಂಧಪಟ್ಟದ್ದು. ಅತ್ತೆ ಒಳಗೆ ಸ್ನಾನ ಮಾಡುತ್ತಿದ್ದಾರೆ, ಚಿಲಕ ಹಾಕಿಕೊಂಡಿದ್ದಾರೆ. ಗೀಸರಿನಲ್ಲಿ ಕರೆಂಟ್ ಲೀಕಾಗಿ ನಲ್ಲಿಗೇ ಬಂತು ಅಂದುಕೊಳ್ಳಿ. ಹೊರಗಿರುವ ನೀವು ಯಾವುದನ್ನು ಆಫ್ ಮಾಡುತ್ತೀರಿ? ಡಿಬಿಯೂ ಒಳಗೇ ಇದೆ. ಸುಮ್ನೆ ಟ್ರಿಪ್ ಆದರೂ ಕಷ್ಟವೇ. ಕತ್ತಲಲ್ಲಿ, ಬರಿಗಾಲಲ್ಲಿ, ಒದ್ದೆ ಕೈಯಲ್ಲಿ ಅವರೇ ಹೋಗಿ ಎಂಸಿಬಿ ಎತ್ತಬೇಕು. ಚರ್ಮ ಒದ್ದೆಯಾದರೆ ಕರೆಂಟಿಗೆ ದಾರಿ ಸಲೀಸು.

ಡಿಬಿಯನ್ನು ದೂರ ಸಾಗಿಸಬೇಕಿಲ್ಲ, ಅದು ದೊಡ್ಡ ಖರ್ಚು. ಹಾಲ್ ಪಕ್ಕದ ರೂಮು ಅಂದಿರಿ. ಡಿಬಿ ಇರುವುದು ಹಾಲಿಗೆ ತಾಗಿದ ಗೋಡೆಯಲ್ಲೇ ಆದರೆ, ಅಲ್ಲೇ ಗೋಡೆ ಕೊರೆಸಿ ಬಾಕ್ಸಿನ ಮುಖವನ್ನು ಹಾಲ್ ಕಡೆಗೆ ತಿರುಗಿಸಿಬಿಡಿ. ಬಾತ್‌ರೂಮ್ ಕಡೆ ಇಟ್ಟಿಗೆ ಕಟ್ಟಿಸಿ, ಸಿಮೆಂಟ್ ಬಳಿಸಿ, ಟೈಲ್ಸ್ ಹಾಕಿಸಿ. ಡಿಬಿಯಲ್ಲಿ ಸಾಮಾನ್ಯವಾಗಿ ವೈರ್ ಸ್ವಲ್ಪ ಮಿಗಿಸಿ ಬಿಟ್ಟಿರುತ್ತಾರೆ, ಅದು ಸಾಕಾಗುತ್ತದೆ. ಸಾಲದಿದ್ದರೆ ಹೊಸ ವೈರ್ ಎಳೆಸಿ. ಗೋಡೆಯೊಳಗೆ ಟೇಪ್ ಸುತ್ತಿದ ಜಾಯಿಂಟ್ ಬೇಡವೇ ಬೇಡ. ಹಳೇ ಬಾಕ್ಸನ್ನು ಅಲ್ಲೇ ಬಿಟ್ಟು ಜಾಯಿಂಟ್ ಬಾಕ್ಸ್ ಮಾಡೋಣ ಅಂದರೂ ಒಪ್ಪಬೇಡಿ, ಬಚ್ಚಲ ಗೋಡೆಯಲ್ಲಿ ಜಾಯಿಂಟ್ ಉಳಿದಂತಾಯಿತು ಅಷ್ಟೇ.

ಪ್ಲಾಸ್ಟರ್ ಮಾಡುವ ಮೊದಲು ಆ ಗೋಡೆಯ ವೈರ್ ಪೈಪುಗಳ ಪಕ್ಕ ಅಳತೆ ಟೇಪ್ ಹಿಡಿದು ಫೋಟೋ ತೆಗೆದಿಡಿ. ಮುಂದೆ ಯಾರೋ ಟವೆಲ್ ರಾಡ್ ಹಾಕಲು ಡ್ರಿಲ್ ತರುತ್ತಾರೆ, ಆಗ ಬೇಕಾಗುತ್ತದೆ. ಶವರ್ ಮಾತ್ರ ಎದುರಿನ ಗೋಡೆಗೆ ಇರಲಿ.

ಕೆಲಸದ ದಿನ ಮೇನ್ ಆಫ್ ಮಾಡಿದರೆ ಮುಗಿಯಲಿಲ್ಲ. ಮನೆಯಲ್ಲಿ ಯುಪಿಎಸ್ ಇದ್ದರೆ ಅದರ ಲೈನಿನಲ್ಲಿ ಕರೆಂಟ್ ಹಾಗೇ ಇರುತ್ತದೆ. ಯುಪಿಎಸ್ಸನ್ನೂ ಆಫ್ ಮಾಡಿಸಿ, ಟೆಸ್ಟರ್ ಹಿಡಿದು ನೋಡಿದ ಮೇಲೆ ಕೈ ಹಾಕಲಿ. ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸ್ ಇರುವ ಕಂಟ್ರಾಕ್ಟರಿಗೇ ಈ ಕೆಲಸ ಕೊಡಿ. ಮೇಸ್ತ್ರಿ ಗೋಡೆ ಕಟ್ಟಲಿ, ಅದರಲ್ಲಿ ಅವರು ಗಟ್ಟಿಗರೇ ಇರಬಹುದು.

ಪ್ರಶ್ನೆ: ಬಾಡಿಗೆ ಮನೆ. ಗೀಸರ್ ಸ್ವಿಚ್ ಬಾತ್‌ರೂಮ್ ಒಳಗೇ, ಶವರ್ ಪಕ್ಕದಲ್ಲೇ ಇದೆ. ಓನರ್ ‘ಎಂಸಿಬಿ ಇದೆಯಲ್ಲ’ ಅಂತಾರೆ. ಸಾಕಾ?
— ಉಪನ್ಯಾಸಕ, ಹಾವೇರಿ

ಉತ್ತರ: ಸಾಲದು. ಎಂಸಿಬಿ ಕಾಯುವುದು ವೈರನ್ನು, ನಿಮ್ಮನ್ನಲ್ಲ. 2 ಕಿಲೋವ್ಯಾಟ್ ಗೀಸರ್ ಸುಮಾರು 9 ಆಂಪಿಯರ್ ಎಳೆಯುತ್ತದೆ, ಅದಕ್ಕೆ 16 ಆಂಪಿಯರ್ ಎಂಸಿಬಿ ಹಾಕಿರುತ್ತಾರೆ. ಮನುಷ್ಯನ ಜೀವ ತೆಗೆಯಲು ಒಂದು ಆಂಪಿಯರಿನ ಹತ್ತನೇ ಒಂದು ಭಾಗವೂ ಬೇಡ. ಅಷ್ಟಕ್ಕೆ ಎಂಸಿಬಿ ಅಲ್ಲಾಡುವುದೂ ಇಲ್ಲ. ಬೇಕಾದದ್ದು 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸ್ವಲ್ಪ ಸೋರಿದರೂ ತಕ್ಷಣ ಲೈನ್ ಕಡಿಯುವ ಸ್ವಿಚ್ಚು. ಅದರ ಜೊತೆಗೆ ಸರಿಯಾದ ಅರ್ಥಿಂಗ್.

ಸ್ವಿಚ್ಚನ್ನು ಹೊರಗಿನ ಗೋಡೆಗೆ ಹಾಕಿಸಿಕೊಡಲು ಕೇಳಿ. ಕಟ್ಟೆ, ಟಬ್ ಏನೂ ಇಲ್ಲದ ನಮ್ಮಂಥ ಬಾತ್‌ರೂಮಿನಲ್ಲಿ ಶವರ್‌ನಿಂದ 120 ಸೆಂಟಿಮೀಟರ್ ದೂರದವರೆಗೆ, 2.25 ಮೀಟರ್ ಎತ್ತರದವರೆಗೆ ಮಾಮೂಲಿ ಸ್ವಿಚ್ಚು, ಸಾಕೆಟ್ಟು ಇರಬಾರದು. ನಾಲ್ಕು ಅಡಿ ಅಂದುಕೊಳ್ಳಿ. ಆರ್‌ಸಿಸಿಬಿ ಹಾಕಿಸಿದ ಮೇಲೆ ಅದರ ಮೇಲಿನ ‘ಟಿ’ ಬಟನ್ನನ್ನು ತಿಂಗಳಿಗೊಮ್ಮೆ, ಕರೆಂಟ್ ಇದ್ದಾಗ ಒತ್ತಿ ನೋಡಿ. ಟಪ್ ಅಂತ ಬೀಳಬೇಕು. ಬೀಳದಿದ್ದರೆ ಬದಲಾಯಿಸುವವರೆಗೆ ಗೀಸರ್ ಹಾಕಬೇಡಿ, ನೀರನ್ನು ಒಲೆ ಮೇಲೆ ಕಾಯಿಸಿಕೊಳ್ಳಿ.