16 ವರ್ಷದ ಮಗಳಿಗೆ ಬಿ-ಸೆಲ್ ರಕ್ತದ ಕ್ಯಾನ್ಸರ್ ಮರುಕಳಿಸಿದೆ. ಕಾರ್-ಟಿ ಚಿಕಿತ್ಸೆಗೆ ಅಮೆರಿಕಕ್ಕೆ ಹೋಗಲು ಹಣ ಹೇಗೆ ಹೊಂದಿಸಲಿ?

ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ಮನೆ ಮಾರುವ ಮುಂಚೆ ಒಂದು ವಿಷಯ ನೋಡಿ. ಈ ಚಿಕಿತ್ಸೆ ಈಗ ನಮ್ಮಲ್ಲೇ ಇದೆ.

ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ರೂಪಿಸಿದ ಕಾರ್-ಟಿ ಚಿಕಿತ್ಸೆ ನೆಕ್ಸ್‌ಕಾರ್19ಗೆ 2023ರ ಅಕ್ಟೋಬರ್‌ನಲ್ಲಿ ಅನುಮತಿ ಸಿಕ್ಕಿತು. 15 ವರ್ಷ ದಾಟಿದವರಿಗೆ, ಬೇರೆ ಚಿಕಿತ್ಸೆಗೆ ಬಗ್ಗದ ಅಥವಾ ಮರುಕಳಿಸಿದ ಬಿ-ಸೆಲ್ ಕ್ಯಾನ್ಸರ್‌ಗೆ ಇದನ್ನು ಕೊಡುತ್ತಾರೆ. ರೋಗಿಯ ರಕ್ತದಿಂದಲೇ ಟಿ-ಕೋಶ (ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣ) ತೆಗೆದು, ಕ್ಯಾನ್ಸರ್ ಕೋಶವನ್ನು ಗುರುತಿಸುವಂತೆ ಬದಲಿಸಿ ಮತ್ತೆ ದೇಹಕ್ಕೆ ಸೇರಿಸುತ್ತಾರೆ. ಖರ್ಚು ಇಲ್ಲಿ ಸುಮಾರು 40 ಲಕ್ಷ ರೂಪಾಯಿ, ಅಮೆರಿಕದಲ್ಲಿ 3–4 ಕೋಟಿ. ಎಷ್ಟು ಜಾಸ್ತಿ ಅಲ್ವಾ? ಮಗಳಿಗೆ ಇದು ಹೊಂದುತ್ತದೆಯೇ ಎಂದು ವೈದ್ಯರನ್ನು ನೇರವಾಗಿ ಕೇಳಿ. ಇನ್ನೊಬ್ಬ ತಜ್ಞರ ಅಭಿಪ್ರಾಯವನ್ನೂ ಪಡೆಯಿರಿ.

ಹಣಕ್ಕೆ ಮೊದಲು ಬೇಕಾದ್ದು ಆಸ್ಪತ್ರೆಯ ಸಹಿ, ಮುದ್ರೆ ಇರುವ ಅಂದಾಜು ಪತ್ರ. ಮುಖ್ಯಮಂತ್ರಿ ಪರಿಹಾರ ನಿಧಿ, ಪ್ರಧಾನಿ ಪರಿಹಾರ ನಿಧಿ, ಟ್ರಸ್ಟ್‌ಗಳು ಎಲ್ಲರೂ ಅದನ್ನೇ ಕೇಳುತ್ತಾರೆ. ಜನರಿಂದ ದೇಣಿಗೆ ಸಂಗ್ರಹಿಸುವ ಮಿಲಾಪ್, ಕೆಟ್ಟೋದಂಥ ತಾಣಗಳಲ್ಲಿ ಮನವಿ ಹಾಕುವಾಗ ಹಣ ಸೀದಾ ಆಸ್ಪತ್ರೆಯ ಖಾತೆಗೆ ಹೋಗುವಂತೆ ಮಾಡಿ. ಕೊಡುವವರಿಗೆ ನಂಬಿಕೆ ಬರುತ್ತದೆ. ಮಗಳ ಫೋಟೋ ಹಾಕುವ ಮುಂಚೆ ದಯವಿಟ್ಟು ಅವಳನ್ನು ಕೇಳಿ. 16 ವರ್ಷದ ಹುಡುಗಿಗೆ ಅದು ಸಣ್ಣ ವಿಷಯವಲ್ಲ.

ಹೋಗಲೇಬೇಕು ಎಂದಾದರೆ, ಒಬ್ಬರು ವರ್ಷಕ್ಕೆ 2.5 ಲಕ್ಷ ಡಾಲರ್ ಹೊರಗೆ ಕಳಿಸಬಹುದು. ಚಿಕಿತ್ಸೆಗೆ ಇನ್ನೂ ಹೆಚ್ಚು ಬೇಕಾದರೆ ಅದೇ ಅಂದಾಜು ಪತ್ರವನ್ನು ಬ್ಯಾಂಕಿಗೆ ತೋರಿಸಿ.