ಭಾರವೂ ಬೇಕು, ಬಿರುಸೂ ಬೇಕು: ಮೆಕ್ ಗೇಮ್ ಪ್ರಶ್ನೋತ್ತರ

ಪ್ರಶ್ನೆ: ಗೋಡೋ ಎಂಜಿನ್‌ನಲ್ಲಿ (ಗೇಮ್ ಕಟ್ಟುವ ತಂತ್ರಾಂಶ) 12 ಮೀಟರ್ ಎತ್ತರದ ಮೆಕ್‌ಗಳ (ಒಳಗೆ ಪೈಲಟ್ ಕೂತು ನಡೆಸುವ ದೈತ್ಯ ರೋಬೋಗಳ) ಕಾಳಗದ ಗೇಮ್ ಮಾಡುತ್ತಿದ್ದೇವೆ. ನಿಜವಾದ ಯಂತ್ರದ ಹಾಗೆ ನಡೆಸಿದರೆ ಆಡಿದವರು ‘ತುಂಬಾ ನಿಧಾನ’ ಅನ್ನುತ್ತಾರೆ. ವೇಗ ಹೆಚ್ಚಿಸಿದರೆ ಆಟಿಕೆ ಓಡಿದಂತೆ ಕಾಣುತ್ತದೆ. ಏನು ಮಾಡಬೇಕು?
– ಓದುಗರು, ಹುಬ್ಬಳ್ಳಿ

ಉತ್ತರ: ನಿಜ ಎಷ್ಟು ನಿಧಾನ ಅಂತ ಮೊದಲು ಲೆಕ್ಕ ಹಾಕಿ ನೋಡಿ. 12 ಮೀಟರ್ ಮೆಕ್‌ಗೆ ಕಾಲು ಸುಮಾರು 6 ಮೀಟರ್. ನಡೆಯುವಾಗ ಕಾಲು ಲೋಲಕದಂತೆ ಬೀಸುತ್ತದೆ, ಬೀಸುವ ಅವಧಿ ಉದ್ದದ ವರ್ಗಮೂಲಕ್ಕೆ ತಕ್ಕಂತೆ ಹೆಚ್ಚುತ್ತದೆ. ಮನುಷ್ಯನ 0.9 ಮೀಟರ್ ಕಾಲು ತಾನಾಗಿಯೇ ಒಮ್ಮೆ ಬೀಸಲು 0.8 ಸೆಕೆಂಡ್ ಹಿಡಿದರೆ, ಇದಕ್ಕೆ 2 ಸೆಕೆಂಡ್. ನಡಿಗೆ ಓಟವಾಗಿ ಬದಲಾಗುವ ವೇಗ ಗಂಟೆಗೆ ಸುಮಾರು 20 ಕಿ.ಮೀ. ಅಂದರೆ ಭೌತಶಾಸ್ತ್ರಕ್ಕೆ ಪೂರ್ತಿ ನಿಷ್ಠರಾಗಿದ್ದುಕೊಂಡು ಚುರುಕಿನ ಕಾಳಗ ಮಾಡಿಸಲು ಆಗುವುದಿಲ್ಲ. ಸುಳ್ಳು ಹೇಳಲೇಬೇಕು, ಎಲ್ಲಿ ಹೇಳಬೇಕು ಅನ್ನುವುದು ಮಾತ್ರ ನಿಮ್ಮ ಕೈಯಲ್ಲಿದೆ.

ಹೆಚ್ಚಿನವರು ತೂಕವನ್ನು ತಪ್ಪು ಜಾಗದಲ್ಲಿ ಇಡುತ್ತಾರೆ: ಗುಂಡಿ ಒತ್ತಿದ್ದಕ್ಕೂ ಯಂತ್ರ ಸ್ಪಂದಿಸುವುದಕ್ಕೂ ನಡುವೆ. ಅದು ತೂಕ ಅನ್ನಿಸುವುದಿಲ್ಲ, ಕಂಟ್ರೋಲರ್ ಕೆಟ್ಟಿದೆ ಅನ್ನಿಸುತ್ತದೆ. ಸೆಕೆಂಡಿಗೆ 60 ಫ್ರೇಮ್ (ಪರದೆಯ ಚಿತ್ರ) ವೇಗದಲ್ಲಿ ಗುಂಡಿ ಒತ್ತಿದ 2–3 ಫ್ರೇಮ್‌ಗಳೊಳಗೆ ಬೂಸ್ಟರ್ (ಮುನ್ನೂಕುವ ರಾಕೆಟ್) ಬೆಂಕಿ, ಎಂಜಿನ್ ಸದ್ದು, ಗುರಿಗುರುತಿನ ಚಲನೆ ಮೂರೂ ಶುರುವಾಗಲಿ. ಸೊಂಟದ ಮೇಲಿನ ಭಾಗ 0.1 ಸೆಕೆಂಡಿನಲ್ಲಿ ತಿರುಗಲಿ, ಕಾಲುಗಳು 0.3–0.4 ಸೆಕೆಂಡ್ ತಡವಾಗಿ ಹಿಂಬಾಲಿಸಲಿ. ತೂಕವನ್ನು ನಿಲ್ಲುವುದರಲ್ಲಿ, ತಿರುಗುವುದರಲ್ಲಿ, ನೆಲಕ್ಕೆ ಇಳಿಯುವುದರಲ್ಲಿ ತೋರಿಸಿ. ವೇಗ ಏರುವ ಕಾಲಸ್ಥಿರಾಂಕ (ವ್ಯತ್ಯಾಸದ ಸುಮಾರು ಮೂರನೇ ಎರಡು ಭಾಗ ತುಂಬಲು ಹಿಡಿಯುವ ಸಮಯ) 0.2 ಸೆಕೆಂಡ್ ಇಟ್ಟರೆ ಇಳಿಯುವುದಕ್ಕೆ 0.5 ಇಡಿ. ಎತ್ತರದಿಂದ ಬಿದ್ದಾಗ 12–18 ಫ್ರೇಮ್ ಮಂಡಿ ಬಗ್ಗಲಿ; ಆ ಹೊತ್ತಿನಲ್ಲಿ ಓಡಲು ತಡೆಯಿರಲಿ, ಗುಂಡು ಹಾರಿಸಲು ತಡೆ ಬೇಡ. ಇವೆಲ್ಲ ಶುರು ಮಾಡಲು ತಕ್ಕ ಅಂಕಿಗಳು, ಆಡಿಸಿ ನೋಡಿ ತಿದ್ದಿಕೊಳ್ಳಿ.

ಇಲ್ಲೊಂದು ಹಳೆಯ ಹಳ್ಳವಿದೆ, ಹೊಸಬರೆಲ್ಲ ಬೀಳುತ್ತಾರೆ. ‘ಪ್ರತಿ ಫ್ರೇಮ್‌ಗೆ ಉಳಿದ ವ್ಯತ್ಯಾಸದ 0.1 ಭಾಗ ಸೇರಿಸು’ ಅಂತ ಲರ್ಪ್ (ಒಂದು ಬೆಲೆಯಿಂದ ಇನ್ನೊಂದಕ್ಕೆ ಮೆಲ್ಲಗೆ ಸಾಗಿಸುವ ಸೂತ್ರ) ಬರೆದರೆ, ಅರ್ಧ ಸೆಕೆಂಡಿನ ನಂತರ 60 ಫ್ರೇಮ್‌ನ ಕಂಪ್ಯೂಟರಿನಲ್ಲಿ ಶೇ. 4 ವ್ಯತ್ಯಾಸ ಉಳಿದಿರುತ್ತದೆ, 30 ಫ್ರೇಮ್‌ನ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಶೇ. 20ಕ್ಕೂ ಹೆಚ್ಚು. ಒಂದೇ ಮೆಕ್ ಒಬ್ಬರಿಗೆ ಹಗುರ, ಇನ್ನೊಬ್ಬರಿಗೆ ಭಾರ! ಆ 0.1ರ ಜಾಗದಲ್ಲಿ 1 − ಎಕ್ಸ್‌ಪ್(−ಡೆಲ್ಟಾ ÷ ಕಾಲಸ್ಥಿರಾಂಕ) ಬರೆಯಿರಿ (ಡೆಲ್ಟಾ ಅಂದರೆ ಹಿಂದಿನ ಫ್ರೇಮ್‌ನಿಂದ ಕಳೆದ ಸಮಯ), ಅಥವಾ ಚಲನೆಯ ಲೆಕ್ಕವನ್ನೆಲ್ಲ ಫಿಸಿಕ್ಸ್ ಪ್ರೊಸೆಸ್‌ಗೆ (ಸಮಾನ ಅಂತರದಲ್ಲಿ ಓಡುವ ಗೋಡೋದ ಭಾಗಕ್ಕೆ) ಸಾಗಿಸಿ.

ಆಟಿಕೆಯಂತೆ ಕಾಣುವುದಕ್ಕೆ ಕಾರಣ ಕಾಲುಗಳೇ. ಹೆಜ್ಜೆಗೆ 6 ಮೀಟರ್ ಅಂದರೂ ಗಂಟೆಗೆ 200 ಕಿ.ಮೀ. ಹೋಗಲು ಸೆಕೆಂಡಿಗೆ 9 ಹೆಜ್ಜೆ ಬೇಕು. ನೋಡಲು ಹೊಲಿಗೆ ಮೆಷಿನ್. ಹಾಗಾಗಿ 45 ಕಿ.ಮೀ. ತನಕ ಮಾತ್ರ ಕಾಲಲ್ಲಿ ಓಡಿಸಿ (ಸೆಕೆಂಡಿಗೆ ಎರಡು ಹೆಜ್ಜೆ), ಅದರ ಮೇಲೆ ಬೂಸ್ಟರ್ ಹೊತ್ತಿಸಿ ನೆಲದ ಮೇಲೆ ಜಾರಿಸಿ. ಹೆಜ್ಜೆಯ ಅನಿಮೇಶನ್ ಸಮಯದ ಮೇಲೆ ಓಡದಿರಲಿ, ಸಾಗಿದ ದೂರದ ಮೇಲೆ ಓಡಲಿ. ಆಗ ಪಾದ ನೆಲದಲ್ಲಿ ಜಾರಿದಂತೆ ಕಾಣುವ ದೋಷ ತಾನೇ ಕಡಿಮೆಯಾಗುತ್ತದೆ. ಇನ್ನು ಬಯಲು ನೆಲದಲ್ಲಿ 200 ಕಿ.ಮೀ. ವೇಗವೂ ಮಂದವೇ: ಮೈಯೆತ್ತರದ ಲೆಕ್ಕದಲ್ಲಿ ಅದು ಸೆಕೆಂಡಿಗೆ ಐದು ಮೈಯಷ್ಟೂ ಇಲ್ಲ, ಒಳ್ಳೆಯ ಓಟಗಾರನೇ ಅಷ್ಟು ಓಡುತ್ತಾನೆ. ದಾರಿಯ ಎರಡೂ ಕಡೆ ಲಾರಿ, ಕರೆಂಟ್ ಕಂಬ, ಎರಡಂತಸ್ತಿನ ಮನೆ ಇಡಿ. ಗಾತ್ರವೂ ವೇಗವೂ ಒಟ್ಟಿಗೆ ಗೊತ್ತಾಗುತ್ತವೆ.

ಪ್ರಶ್ನೆ: ಮೆಕ್‌ವಾರಿಯರ್‌ನ ನಿಧಾನ ಗತಿ, ಆರ್ಮರ್ಡ್ ಕೋರ್ 6ರ ಮಿಂಚಿನ ಗತಿ. ಸಣ್ಣ ತಂಡ ಯಾವ ದಾರಿ ಹಿಡಿಯಬೇಕು?
– ಓದುಗರು, ಮಂಗಳೂರು

ಉತ್ತರ: ಎರಡೂ ಗೇಮ್‌ಗಳು ಆಟಗಾರನಿಂದ ಬೆಲೆ ವಸೂಲಿ ಮಾಡುತ್ತವೆ, ಮಾಡುವ ಜಾಗ ಬೇರೆ. ಮೆಕ್‌ವಾರಿಯರ್ ಹುಟ್ಟಿದ್ದು ಬ್ಯಾಟಲ್‌ಟೆಕ್ ಬೋರ್ಡ್ ಆಟದಿಂದ. ಅದರ ನಿಯಮದಂತೆ 100 ಟನ್‌ನ ಅಟ್ಲಾಸ್ ಗಂಟೆಗೆ 54 ಕಿ.ಮೀ., 20 ಟನ್‌ನ ಲೋಕಸ್ಟ್ ಸುಮಾರು 129 ಕಿ.ಮೀ. ಓಡುತ್ತವೆ. 1 ಟನ್‌ನ ಮೀಡಿಯಂ ಲೇಸರ್ 5 ಹಾನಿಗೆ 3 ಶಾಖ ಹುಟ್ಟಿಸಿದರೆ, 7 ಟನ್‌ನ ಪಿಪಿಸಿ (ಕಣಗಳನ್ನು ಉಗುಳುವ ಫಿರಂಗಿ) 10 ಹಾನಿಗೆ 10 ಶಾಖ. ಮಿತಿಮೀರಿ ಹೊಡೆದರೆ ಯಂತ್ರ ಆಫ್. ಕೈ ನಿಧಾನ, ತಲೆಗೆ ಕೆಲಸ.

2023ರ ಆರ್ಮರ್ಡ್ ಕೋರ್ 6ರಲ್ಲಿ ಪ್ರತಿ ಕ್ವಿಕ್ ಬೂಸ್ಟ್‌ಗೂ (ಥಟ್ಟನೆ ಚಿಮ್ಮುವ ಡ್ಯಾಶ್‌ಗೂ) ಶಕ್ತಿ ಖರ್ಚು. ಪರದೆಯ ಮೇಲಿನ ಇಎನ್ (ಶಕ್ತಿ) ಪಟ್ಟಿ ಪೂರ್ತಿ ಬರಿದಾದರೆ ಸ್ವಲ್ಪ ಹೊತ್ತು ಕ್ವಿಕ್ ಬೂಸ್ಟ್ ಇಲ್ಲ. ಏಟುಗಳು ಒಟ್ಟುಗೂಡಿ ಎಸಿಎಸ್ (ಸಮತೋಲನದ) ಪಟ್ಟಿ ತುಂಬಿದರೆ ಯಂತ್ರ ತತ್ತರಿಸಿ ನಿಲ್ಲುತ್ತದೆ, ಆಗ ಬಿದ್ದ ಏಟಿಗೆ ಹಾನಿ ಹೆಚ್ಚು. ಇಷ್ಟು ಹೊತ್ತು ಹಕ್ಕಿಯಂತಿದ್ದುದರ ಟನ್ನುಗಳೆಲ್ಲ ಆ ಕ್ಷಣದಲ್ಲಿ ಗೊತ್ತಾಗುತ್ತವೆ. ಸಣ್ಣ ತಂಡಕ್ಕೆ ನಾವು ಹೇಳುವುದು ಈ ದಾರಿಯನ್ನೇ. ಶಾಖ ಮತ್ತು ಶಕ್ತಿ ಎರಡೂ ಪಟ್ಟಿ ಇಡಬೇಡಿ, ಓಡುತ್ತ ಎರಡನ್ನೂ ನೋಡಲು ಯಾರಿಗೂ ಪುರುಸೊತ್ತಿರುವುದಿಲ್ಲ. ಒಂದು ಶಕ್ತಿ ಪಟ್ಟಿಯಲ್ಲಿ ನಾಲ್ಕು ಡ್ಯಾಶ್, ಬರಿದಾದರೆ 2.5 ಸೆಕೆಂಡ್ ಶಿಕ್ಷೆ, ತತ್ತರಿಕೆ 1.5 ಸೆಕೆಂಡ್: ಇಲ್ಲಿಂದ ಶುರು ಮಾಡಿ. ತತ್ತರಿಕೆ 2 ಸೆಕೆಂಡ್ ದಾಟಿದರೆ ಒಂದೇ ಸಲಕ್ಕೆ ಸಾವು, ಆಟಗಾರ ಸಿಟ್ಟಿಗೇಳುತ್ತಾನೆ.

ನೈಜತೆಯ ಇನ್ನೊಂದು ತುದಿ ನೋಡಬೇಕೆಂದರೆ 2002ರ ಸ್ಟೀಲ್ ಬಟಾಲಿಯನ್ ಇದೆ. ಸುಮಾರು 40 ಗುಂಡಿ, ಮೂರು ಪೆಡಲ್‌ನ ಪ್ರತ್ಯೇಕ ಕಂಟ್ರೋಲರ್. ಸಮಯಕ್ಕೆ ಸರಿಯಾಗಿ ಇಜೆಕ್ಟ್ (ಪೈಲಟ್ ಹೊರಚಿಮ್ಮುವ ಗುಂಡಿ) ಒತ್ತದಿದ್ದರೆ ಸೇವ್ (ಉಳಿಸಿಟ್ಟ ಆಟ) ಅಳಿಸಿಹೋಗುತ್ತಿತ್ತು. ಮೆಚ್ಚಬಹುದು, ನಕಲು ಮಾಡಬಾರದು.

ಪ್ರಶ್ನೆ: ರೈಲ್‌ಗನ್ (ವಿದ್ಯುತ್ತಿನಿಂದ ಅತಿವೇಗದಲ್ಲಿ ಹಾರಿಸುವ ಬಂದೂಕು) ಗುಂಡು ಎದುರಾಳಿಯ ಮೈಯೊಳಗಿಂದ ತೂರಿಹೋಗುತ್ತಿದೆ, ಹಾನಿಯೇ ಆಗುತ್ತಿಲ್ಲ.
– ಓದುಗರು, ತುಮಕೂರು

ಉತ್ತರ: ಸೆಕೆಂಡಿಗೆ 1500 ಮೀಟರ್ ಹೋಗುವ ಗುಂಡು 60 ಫ್ರೇಮ್‌ನಲ್ಲಿ ಒಂದೊಂದು ಫ್ರೇಮ್‌ಗೆ 25 ಮೀಟರ್ ಹಾರುತ್ತದೆ, 3 ಮೀಟರ್ ದಪ್ಪದ ಮೆಕ್ ಎರಡು ಸ್ಥಾನಗಳ ನಡುವೆ ಸಿಕ್ಕಿಹೋಗುತ್ತದೆ. ಹಿಂದಿನ ಸ್ಥಾನದಿಂದ ಹೊಸ ಸ್ಥಾನಕ್ಕೆ ಪ್ರತಿ ಫ್ರೇಮ್ ರೇಕಾಸ್ಟ್ (ದಾರಿಯಲ್ಲಿ ಏನಾದರೂ ಸಿಗುತ್ತದೆಯೇ ಎಂದು ನೋಡುವ ಗೆರೆ) ಹಾಕಿ. ದಪ್ಪ ಗುಂಡಾದರೆ ಗೋಳದ ಶೇಪ್‌ಕಾಸ್ಟ್ (ಗೆರೆಯ ಬದಲು ಗೋಳವನ್ನೇ ಸಾಗಿಸಿ ನೋಡುವುದು).

ಪ್ರಶ್ನೆ: ನಮ್ಮ ಮೆಕ್ 0.2 ಸೆಕೆಂಡಿನಲ್ಲಿ 0ಯಿಂದ 288 ಕಿ.ಮೀ. ವೇಗ ಮುಟ್ಟುತ್ತದೆ. ಒಳಗಿನ ಪೈಲಟ್ ಬದುಕುತ್ತಾನೆಯೇ?
– ಓದುಗರು, ಶಿವಮೊಗ್ಗ

ಉತ್ತರ: ಕಷ್ಟ. ಅದು ಸುಮಾರು 41 ಜಿ, ಅಂದರೆ ಭೂಮಿಯ ಗುರುತ್ವದ 41 ಪಟ್ಟು. ತರಬೇತಾದ ಯುದ್ಧವಿಮಾನ ಪೈಲಟ್‌ಗಳು ಜಿ-ಸೂಟ್ (ಮೈಯನ್ನು ಬಿಗಿಯುವ ಉಡುಪು) ಹಾಕಿಕೊಂಡು ತಾಳುವುದು 9 ಜಿ ಆಸುಪಾಸು. ಆದರೆ ಆಡುವಾಗ ಯಾರೂ ಇದನ್ನು ಲೆಕ್ಕ ಹಾಕುವುದಿಲ್ಲ, ಕಾಕ್‌ಪಿಟ್‌ನಲ್ಲಿ ಕೂತವನು ಅಲುಗಾಡದೇ ಇದ್ದರೆ ಮಾತ್ರ ಗಮನಿಸುತ್ತಾರೆ. ಡ್ಯಾಶ್ ಹೊತ್ತಿಗೆ ಕ್ಯಾಮೆರಾವನ್ನು 3–4 ಡಿಗ್ರಿ ವಾಲಿಸಿ, ನೋಟದ ಕೋನವನ್ನು 8 ಡಿಗ್ರಿ ಹಿಗ್ಗಿಸಿ, 0.3 ಸೆಕೆಂಡಿನಲ್ಲಿ ವಾಪಸ್ ತನ್ನಿ. ಇದರಿಂದ ತಲೆ ಸುತ್ತುವವರೂ ಇದ್ದಾರೆ, ಹಾಗಾಗಿ ಅಲುಗಾಟ, ವಾಲಿಕೆ, ಹಿಗ್ಗಿಕೆ ಮೂರನ್ನೂ ಬೇರೆಬೇರೆಯಾಗಿ ಆಫ್ ಮಾಡುವ ಆಯ್ಕೆ ಮೆನುವಿನಲ್ಲಿರಲಿ.