ಹೊಸ ಸ್ಪೋರ್ಟ್ಸ್ ಗೇಮ್‌ನಲ್ಲಿ ಹಳೆಯದರಲ್ಲಿದ್ದ ಫೀಚರ್‌ಗಳೇ ಇಲ್ಲ, ಯಾಕೆ?

ನಿಮ್ಮ ಪ್ರಶ್ನೆ ಇಷ್ಟು: ಹಳೆಯ ಗೇಮ್‌ನಲ್ಲಿ ತಮ್ಮನ ಜೊತೆ ಒಂದೇ ಟಿವಿಯಲ್ಲಿ ಆಡುತ್ತಿದ್ದಿರಿ, ನಿಮ್ಮದೇ ತಂಡ ಮಾಡಿಕೊಳ್ಳುತ್ತಿದ್ದಿರಿ. ಹೊಸದಕ್ಕೆ ಅಷ್ಟು ದುಡ್ಡು ಕೊಟ್ಟಿರಿ, ಎರಡೂ ಇಲ್ಲ. ಇದ್ದದ್ದನ್ನು ಯಾಕೆ ತೆಗೆಯುತ್ತಾರೆ, ಮುಂದಿನ ಸಲ ಏನು ನೋಡಿ ತಗೊಳ್ಳಬೇಕು ಎಂದು ಕೇಳಿದ್ದೀರಿ.

ನಾನು ಇರುವುದು ಕೊಡಗಿನ ಸೋಮವಾರಪೇಟೆ ಹತ್ತಿರ. ಇಲ್ಲಿ ಜೂನ್‌ನಲ್ಲಿ ಮಳೆ ಹಿಡಿದರೆ ಸುಲಭಕ್ಕೆ ಬಿಡುವುದಿಲ್ಲ. ಗಾಳಿಗೆ ಒಂದು ಮರ ಲೈನ್ ಮೇಲೆ ಬಿದ್ದರೆ ಸಾಕು, ಕರೆಂಟ್ ಹೋಯಿತು. ಅದರ ಹಿಂದೆಯೇ ಟವರ್ ಹೋಯಿತು, ನೆಟ್ ಹೋಯಿತು. ಎರಡು ವರ್ಷದ ಹಿಂದೆ ಅಂಥದ್ದೇ ಜುಲೈನಲ್ಲಿ ಅಕ್ಕನ ಮಕ್ಕಳಿಬ್ಬರೂ ಮನೆಗೆ ಬಂದಿದ್ದರು. ಅವರಿಗೆಂದೇ ಮೈಸೂರಿನಿಂದ ಕಾರ್ ರೇಸಿನ ಹೊಸ ಡಿಸ್ಕ್ ತಂದಿಟ್ಟಿದ್ದೆ. ಅದರ ಹಳೆಯ ಭಾಗದಲ್ಲಿ ಪರದೆ ಎರಡು ಪಾಲಾಗಿ ಇಬ್ಬರೂ ಒಟ್ಟಿಗೆ ಓಡಿಸಬಹುದಿತ್ತು. ಹೊಸದರಲ್ಲೂ ಇರುತ್ತದೆ ಎಂದು ನಂಬಿದ್ದೆ, ಕೇಳಲೂ ಇಲ್ಲ. ಇನ್ವರ್ಟರ್‌ನಲ್ಲಿ ಟಿವಿ ಹಾಕಿದೆವು. ದೊಡ್ಡವನು ಓಡಿಸಲು ಶುರು ಮಾಡಿದ. ಚಿಕ್ಕವನು ಎರಡನೇ ಕಂಟ್ರೋಲರ್ ಹಿಡಿದು ಒಂದೊಂದೇ ಬಟನ್ ಒತ್ತುತ್ತಾ ಕೂತ. ಸ್ವಲ್ಪ ಹೊತ್ತು ನೋಡಿ, "ಮಾಮ, ನನ್ನ ಕಾರು ಎಲ್ಲಿದೆ?" ಎಂದು ಕೇಳಿದ. ಮೆನು ಪೂರ್ತಿ ಹುಡುಕಿದೆ. ಅವನ ಕಾರು ಎಲ್ಲೂ ಇರಲಿಲ್ಲ. ಇಬ್ಬರು ಆಡಬೇಕಾದರೆ ಎರಡು ಕನ್ಸೋಲ್ (ಟಿವಿಗೆ ಜೋಡಿಸುವ ಗೇಮ್ ಯಂತ್ರ), ಎರಡು ಟಿವಿ, ಎರಡು ಡಿಸ್ಕ್, ಮೇಲೆ ನೆಟ್ ಬೇಕು. ಆವತ್ತು ಬೇಜಾರಾದದ್ದು ದುಡ್ಡಿಗಲ್ಲ, ಆ ಹುಡುಗನ ಮುಖ ನೋಡಿ. ಆಮೇಲಿಂದ ಪ್ರತಿ ಸಲ ತಗೊಳ್ಳುವ ಮೊದಲು ಏನಿದೆ ಏನಿಲ್ಲ ಎಂದು ಓದಿಕೊಳ್ಳುವುದು ಅಭ್ಯಾಸವಾಗಿದೆ. ಓದುತ್ತಾ ಹೋದ ಹಾಗೆ ಕೆಲವು ವಿಷಯ ಸ್ಪಷ್ಟವಾಯಿತು, ಅದನ್ನು ಹೇಳುತ್ತೇನೆ.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿಸೋಣ. ಹೆಚ್ಚಿನ ಸಲ ಇವರು ಇದ್ದದ್ದನ್ನು ತೆಗೆಯುವುದಿಲ್ಲ, ಹೊಸ ಮನೆ ಕಟ್ಟುವಾಗ ಅದನ್ನು ಕಟ್ಟುವುದೇ ಇಲ್ಲ. ಹೊಸ ಕನ್ಸೋಲ್ ಬಂದಾಗ ಅಥವಾ ಗೇಮ್‌ನ ಎಂಜಿನ್, ಅಂದರೆ ಅದನ್ನು ನಡೆಸುವ ಮೂಲ ತಂತ್ರಾಂಶ, ಬದಲಾದಾಗ ಒಳಗಿನ ಕೋಡ್‌ನ ದೊಡ್ಡ ಪಾಲನ್ನು ಮತ್ತೆ ಬರೆಯಬೇಕು. ಆದರೆ ಗೇಮ್ ಮಾತ್ರ ವರ್ಷಕ್ಕೊಂದು ಬರಲೇಬೇಕು, ಲೀಗ್ ಶುರುವಾಗುವ ಹೊತ್ತಿಗೆ ಅಂಗಡಿಯಲ್ಲಿರಬೇಕು. ಹಾಗಾಗಿ ಆಟಗಾರನ ಮುಖ, ಬೆವರು, ಹುಲ್ಲು ಮೊದಲು ತಯಾರಾಗುತ್ತವೆ, ಯಾಕೆಂದರೆ ಜಾಹೀರಾತಿನಲ್ಲಿ ಕಾಣುವುದು ಅದೇ. ಉಳಿದದ್ದು ಮುಂದಿನ ವರ್ಷಕ್ಕೆ.

ಉದಾಹರಣೆ ಬೇಕಾದಷ್ಟಿವೆ. ಫಾರ್ಮುಲಾ ಒನ್ ಕಾರ್ ರೇಸಿನ ಎಫ್‌1 2015 ಗೇಮ್, ಸೋನಿಯ ಪಿಎಸ್4 ಕನ್ಸೋಲ್‌ಗೆ ಬಂದ ಆ ಸರಣಿಯ ಮೊದಲನೆಯದು. ಅದರಲ್ಲಿ ಒಬ್ಬ ಆಟಗಾರನಾಗಿ ವರ್ಷ ವರ್ಷ ಮುಂದುವರಿಯುವ ಕರಿಯರ್ ಮೋಡ್ ಇರಲಿಲ್ಲ, ಪರದೆ ಎರಡು ಪಾಲಾಗುವ ಸ್ಪ್ಲಿಟ್ ಸ್ಕ್ರೀನ್ ಕೂಡ ಇರಲಿಲ್ಲ. ಕರಿಯರ್ ಮುಂದಿನ ವರ್ಷವೇ ವಾಪಸ್ ಬಂತು. ಸ್ಪ್ಲಿಟ್ ಸ್ಕ್ರೀನ್ ಬರಲು ಎಫ್‌1 2020ರವರೆಗೆ ಕಾಯಬೇಕಾಯಿತು. ಐಸ್ ಹಾಕಿಯ ಎನ್‌ಎಚ್‌ಎಲ್ 15 ಕೂಡ ಹಾಗೇ. ಗೆಳೆಯರೆಲ್ಲ ಸೇರಿ ಒಂದು ತಂಡವಾಗಿ ಲೀಗ್ ಆಡುವ ಮೋಡ್ ಆ ಸರಣಿಯ ಜೀವ. ಹೊಸ ಕನ್ಸೋಲ್‌ಗೆ ಬಂದ ಮೊದಲ ವರ್ಷ ಅದೇ ಇಲ್ಲ. ಎನ್‌ಎಚ್‌ಎಲ್ 16ರಲ್ಲಿ ಅದು ಮತ್ತೆ ಬಂತು. ಕುಸ್ತಿ ಗೇಮ್‌ಗಳಲ್ಲಿ ನಾವೇ ಸಂಘಟಕರಾಗಿ ಪಂದ್ಯ ನಡೆಸುವ ಜನರಲ್ ಮ್ಯಾನೇಜರ್ ಮೋಡ್ ಕಾಣೆಯಾಗಿ, ಎಷ್ಟೋ ವರ್ಷ ಕಳೆದು, 2022ರಲ್ಲಿ ಡಬ್ಲ್ಯುಡಬ್ಲ್ಯುಇ 2ಕೆ22ರ ಜೊತೆ ಬೇರೆ ಹೆಸರಿನಲ್ಲಿ ಬಂತು. ಫುಟ್‌ಬಾಲ್‌ನ ಒಳಾಂಗಣ ಆಟ ಫಿಫಾ 98ರಲ್ಲೇ ಇತ್ತು. ಆಮೇಲೆ ಮಾಯ. ಇಪ್ಪತ್ತು ವರ್ಷ ದಾಟಿ ಫಿಫಾ 20ರಲ್ಲಿ ವೋಲ್ಟಾ ಎಂಬ ಹೆಸರಿನಲ್ಲಿ ಸಣ್ಣ ಅಂಗಳದ ಆಟ ಕೊಟ್ಟರು. ಅದೇ ಸರಣಿಯಲ್ಲಿ 2024ರಲ್ಲಿ ಬಂದ ಎಫ್‌ಸಿ 25ರಲ್ಲಿ ಅದನ್ನೂ ತೆಗೆದು ರಶ್ ಎಂಬ ಇನ್ನೊಂದನ್ನು ಇಟ್ಟರು.

ಎಲ್ಲಕ್ಕಿಂತ ದೊಡ್ಡ ಹೊಡೆತ ಕೊನಾಮಿ ಕಂಪನಿಯ ಫುಟ್‌ಬಾಲ್ ಗೇಮ್ ಪಿಇಎಸ್ ಪ್ರಿಯರಿಗೆ ಬಿತ್ತು. 2020ರಲ್ಲಿ ಬಂದ ಪಿಇಎಸ್ 2021ರಲ್ಲಿ ಒಂದು ಕ್ಲಬ್ ನಡೆಸುವ ಮಾಸ್ಟರ್ ಲೀಗ್ ಇತ್ತು, ಆಟಗಾರರನ್ನೂ ತಂಡಗಳನ್ನೂ ತಿದ್ದುವ ಎಡಿಟ್ ಮೋಡ್ ಇತ್ತು, ಕಪ್ ಇತ್ತು, ಲೀಗ್ ಇತ್ತು. ಮರು ವರ್ಷ ಎಂಜಿನ್ ಬದಲಾಯಿತು, ಹೆಸರೂ ಬದಲಾಗಿ ಇಫುಟ್‌ಬಾಲ್ 2022 ಆಯಿತು. 2021ರ ಸೆಪ್ಟೆಂಬರ್ 30ಕ್ಕೆ ಉಚಿತವಾಗಿ ಬಿಟ್ಟಾಗ ಅದರಲ್ಲಿದ್ದದ್ದು 9 ಕ್ಲಬ್‌ಗಳು ಮತ್ತು ಬಿಡಿ ಪಂದ್ಯಗಳು. ಮಾಸ್ಟರ್ ಲೀಗ್ ಇಲ್ಲ, ಎಡಿಟ್ ಇಲ್ಲ. ಪಿಸಿ ಗೇಮ್ ಮಾರುವ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ತಗೊಂಡು ಆಡಿದವರು ಎಂಥ ವಿಮರ್ಶೆ ಬರೆದರೆಂದರೆ ಕಂಪನಿಯೇ ಕ್ಷಮೆ ಕೇಳಬೇಕಾಯಿತು. ಸರಿಯಾದ ಮೊದಲ ಆವೃತ್ತಿ ಬಂದದ್ದು 2022ರ ಏಪ್ರಿಲ್‌ನಲ್ಲಿ.

ಲೈಸೆನ್ಸ್, ಅಂದರೆ ತಂಡ ಮತ್ತು ಆಟಗಾರರ ಹೆಸರು ಬಳಸುವ ಹಕ್ಕು, ಇನ್ನೊಂದು ಕಾರಣ. ಇದರಲ್ಲಿ ಗೇಮ್ ಮಾಡುವವರ ತಪ್ಪು ಅಷ್ಟಿಲ್ಲ. ಫಿಫಾ 20ರಲ್ಲಿ ಯುವೆಂಟಸ್ ಬದಲು ಪಿಯೆಮಾಂಟೆ ಕಾಲ್ಚೊ ಎಂಬ ತಂಡ ಇದ್ದದ್ದು ಆ ಕ್ಲಬ್ಬಿನ ಹಕ್ಕು ಕೊನಾಮಿ ಬಳಿ ಇತ್ತು ಎಂಬುದಕ್ಕೇ. ಫಿಫಾ ಸಂಸ್ಥೆಯ ಜೊತೆ ಒಪ್ಪಂದ ಮುಗಿದ ಮೇಲೆ, ಫಿಫಾ ಗೇಮ್ ಮಾಡುತ್ತಿದ್ದ ಇಎ ಕಂಪನಿಯ ಸರಣಿಯ ಹೆಸರೇ 2023ರಲ್ಲಿ ಎಫ್‌ಸಿ ಆಯಿತು.

ಈಗ ನನಗೆ ನಿಜವಾಗಿ ನೋವಾಗುವ ಕಾರಣಕ್ಕೆ ಬರುತ್ತೇನೆ. ಸಮಯ ಸಾಲದೆ ಬಿಟ್ಟದ್ದು ಒಂದಲ್ಲ ಒಂದು ದಿನ ವಾಪಸ್ ಬರಬೇಕು ಅಲ್ವಾ? ಕೆಲವು ಬರುತ್ತವೆ, ಕೆಲವು ಬರುವುದೇ ಇಲ್ಲ. ಬಾರದೇ ಉಳಿದವನ್ನು, ತಡವಾಗಿ ಬಂದವನ್ನು ಸ್ವಲ್ಪ ಗಮನಿಸಿ. ಒಂದೇ ಟಿವಿ ಮುಂದೆ ಇಬ್ಬರು ಆಡುವುದು, ನೆಟ್ ಇಲ್ಲದೆ ಲೀಗ್ ನಡೆಸುವುದು, ನಮ್ಮದೇ ತಂಡ ಕಟ್ಟುವುದು, ಹೆಸರು ತಿದ್ದುವುದು. ಇವೆಲ್ಲ ಮನೆಯೊಳಗೆ ಆಡುವ ಆಟಗಳು. ಒಂದು ಸಲ ಡಿಸ್ಕ್ ತಗೊಂಡರೆ ಐದು ವರ್ಷ ಆಡಬಹುದು, ಕಂಪನಿಗೆ ಮತ್ತೆ ಒಂದು ರೂಪಾಯಿ ಹೋಗುವುದಿಲ್ಲ. ಆದರೆ 2009ರಲ್ಲಿ ಫಿಫಾ 09ಕ್ಕೆ ಸೇರಿಸಿದ ಅಲ್ಟಿಮೇಟ್ ಟೀಮ್ ನೋಡಿ. ಆಟಗಾರರ ಕಾರ್ಡ್ ಇರುವ ಪ್ಯಾಕ್‌ಗಳನ್ನು ದುಡ್ಡು ಕೊಟ್ಟೂ ಒಡೆಯಬಹುದು. 2021ರ ಮಾರ್ಚ್‌ಗೆ ಮುಗಿದ ಒಂದೇ ವರ್ಷದಲ್ಲಿ ಇಎಗೆ ಅಲ್ಟಿಮೇಟ್ ಟೀಮ್‌ಗಳಿಂದ ಬಂದದ್ದು 162 ಕೋಟಿ ಡಾಲರ್. ಅವರ ಒಟ್ಟು ಆದಾಯದಲ್ಲಿ ಸುಮಾರು 29 ಶೇಕಡಾ. ಅಷ್ಟು ದುಡ್ಡು ತರುವ ಮೋಡ್‌ಗೆ ಜನ ಹಾಕುತ್ತಾರೋ, ನಮ್ಮ ಮನೆಯ ಎರಡನೇ ಕಂಟ್ರೋಲರ್‌ಗೆ ಜನ ಹಾಕುತ್ತಾರೋ ಹೇಳಿ.

ಇನ್ನೊಂದು ಮಾತೂ ಇದೆ. ಯಾವ ಮೋಡ್ ಎಷ್ಟು ಜನ ಆಡುತ್ತಾರೆ ಎಂಬ ಲೆಕ್ಕ ಕಂಪನಿಗೆ ಹೋಗುವುದು ನೆಟ್ ಮೂಲಕ. ಮಳೆಯಲ್ಲಿ ನೆಟ್ ಇಲ್ಲದೆ ನಾಲ್ಕು ಜನ ಒಂದು ಸೋಫಾದಲ್ಲಿ ಕೂತು ರಾತ್ರಿ ಹನ್ನೊಂದರವರೆಗೆ ಕಪ್ ಆಡಿದರೆ ಅದು ಎಲ್ಲಿ ಲೆಕ್ಕಕ್ಕೆ ಬರುತ್ತದೆ? ಲೆಕ್ಕಕ್ಕೆ ಬಂದರೂ ನಾಲ್ವರು ಆಡಿದ್ದು ಒಂದೇ ಕನ್ಸೋಲ್ ಆಗಿ ಕಾಣಬಹುದು. ನಮ್ಮಂಥವರು ಆಡುವ ರೀತಿ ಅವರಿಗೆ ಕಾಣುತ್ತಲೇ ಇಲ್ಲ ಎಂದು ನನಗೆ ಅನಿಸುತ್ತದೆ. ಕೊಡಗಿನಲ್ಲಿ ಮಾತ್ರವಲ್ಲ, ಮಲೆನಾಡಿನ ಎಷ್ಟೋ ಊರುಗಳ ಕಥೆ ಇದೇ. ಸ್ಪ್ಲಿಟ್ ಸ್ಕ್ರೀನ್‌ಗೆ ತಾಂತ್ರಿಕ ಕಷ್ಟವೂ ಇದೆ ಎಂಬುದನ್ನು ಒಪ್ಪುತ್ತೇನೆ. ರೇಸಿನಲ್ಲಿ ಇಬ್ಬರಿಗೂ ಬೇರೆ ಬೇರೆ ನೋಟ ಬೇಕು, ಒಂದೇ ಯಂತ್ರ ಒಂದೇ ಹೊತ್ತಿಗೆ ಎರಡು ಚಿತ್ರ ಬಿಡಿಸಬೇಕು. ಚಿತ್ರ ಎಷ್ಟು ಸುಂದರವೋ ಅಷ್ಟು ಭಾರ. ಆದರೆ ಚಿಕ್ಕವನಿಗೆ ಬೇಕಿದ್ದದ್ದು ಚಂದದ ಕಾರಲ್ಲ, ಅಣ್ಣನ ಪಕ್ಕದಲ್ಲಿ ಓಡುವ ಒಂದು ಕಾರು.

ಎಡಿಟ್ ಮೋಡ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ನೀವು ತಂಡ ಮಾಡಿಕೊಳ್ಳುತ್ತಿದ್ದೆ ಎಂದದ್ದು ಓದಿ ನನ್ನದೇ ನೆನಪಾಯಿತು.

ನಮ್ಮ ಕಡೆಯವರಿಗೆ ಈ ಅಭ್ಯಾಸ ಕ್ರಿಕೆಟ್ 07ರಿಂದ ಬಂದದ್ದು. 2006ರಲ್ಲಿ ಬಂದ ಅದು ಇಎಯ ಕೊನೆಯ ಕ್ರಿಕೆಟ್ ಗೇಮ್. ಭಾರತ ತಂಡದ ಹಕ್ಕು ಅವರಿಗೆ ಇರಲಿಲ್ಲ, ಹಾಗಾಗಿ ನಮ್ಮ ಆಟಗಾರರ ಹೆಸರೆಲ್ಲ ತಿರುಚಿ ಇಟ್ಟಿದ್ದರು. ಹೆಸರು ಸರಿ ಮಾಡುವುದು, ಯಾರೋ ತಯಾರು ಮಾಡಿದ ಹೊಸ ರೋಸ್ಟರ್ (ಆಟಗಾರರ ಪಟ್ಟಿ), ಹೊಸ ಜರ್ಸಿ ಪೆನ್ ಡ್ರೈವ್‌ನಲ್ಲಿ ತಂದು ಹಾಕುವುದು, ಅದೇ ಅರ್ಧ ಆಟ. ಇವತ್ತಿಗೂ ಅದನ್ನು ಹೊಸ ತಂಡಗಳೊಂದಿಗೆ ಆಡುವವರು ಇದ್ದಾರೆ. 2014ರ ಡಾನ್ ಬ್ರಾಡ್‌ಮನ್ ಕ್ರಿಕೆಟ್ 14ರಲ್ಲಿ ಆಟಗಾರರನ್ನೂ ತಂಡವನ್ನೂ ನಾವೇ ಮಾಡುವ ಅಕಾಡೆಮಿ ಇಟ್ಟರು. ಕ್ರಿಕೆಟ್ ಗೇಮ್‌ಗಳಲ್ಲಿ ನನಗೆ ತುಂಬ ಇಷ್ಟವಾದ ಕೆಲಸ ಅದು.

ಆದರೆ ಕೊಡಗು ಎಂದರೆ ಹಾಕಿ. ಕೊಡವ ಕುಟುಂಬಗಳ ನಡುವಿನ ಹಾಕಿ ಹಬ್ಬ 1997ರಲ್ಲಿ ಕರಡದಲ್ಲಿ ಶುರುವಾಯಿತು. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದಾಗ 360 ಕುಟುಂಬಗಳ ತಂಡಗಳಿದ್ದವು. ಇಲ್ಲಿನ ಮಕ್ಕಳು ಗೇಮ್ ಅಂಗಡಿಯಲ್ಲಿ ಹಾಕಿ ಎಂದು ಕೇಳಿದರೆ ಸಿಗುವುದು ಮಂಜಿನ ಮೇಲೆ ಸ್ಕೇಟ್ ಹಾಕಿಕೊಂಡು ಆಡುವ ಹಾಕಿ. ಎಸ್. ವಿ. ಸುನಿಲ್ ನಮ್ಮ ಸೋಮವಾರಪೇಟೆಯ ಹುಡುಗ, ಭಾರತಕ್ಕೆ ಎಷ್ಟು ವರ್ಷ ಆಡಿದರು. ಅವರನ್ನು ಟಿವಿಯಲ್ಲಿ ನೋಡಿ ಬೆಳೆದ ಮಕ್ಕಳಿಗೆ ಅವರ ಹಾಗೆ ಓಡಲು ಒಂದು ಒಳ್ಳೆಯ ಗೇಮ್ ಇಲ್ಲ. ಕಾಣೆಯಾದ ಫೀಚರ್‌ಗಳ ಪಟ್ಟಿಯಲ್ಲಿ ನಾನು ಇದನ್ನೂ ಸೇರಿಸುತ್ತೇನೆ.

ಆ ವರ್ಷ ನಾಪೋಕ್ಲುವಿಗೆ ಗೆಳೆಯನೊಬ್ಬನ ಕುಟುಂಬದ ಪಂದ್ಯ ನೋಡಲು ಹೋಗಿದ್ದೆವು. ಅವರು ಎರಡನೇ ಸುತ್ತಿನಲ್ಲಿ ಸೋತರು. ಬೇಜಾರಿನಲ್ಲಿದ್ದ ಅವನ ಮಗನನ್ನು ರಾತ್ರಿ ಮನೆಗೆ ಕರೆದುಕೊಂಡು ಬಂದು ಪಿಎಸ್4ನಲ್ಲಿ ಪಿಇಎಸ್ 2021 ಹಾಕಿದೆ. ಹಾಕಿಗೂ ಹನ್ನೊಂದು ಜನ, ಫುಟ್‌ಬಾಲ್‌ಗೂ ಹನ್ನೊಂದು ಜನ. ಎಡಿಟ್ ಮೋಡ್‌ನಲ್ಲಿ ಕೂತು ಒಬ್ಬೊಬ್ಬರನ್ನೇ ಮಾಡಿದೆವು. ಅವನ ದೊಡ್ಡಪ್ಪ ಗೋಲ್‌ಕೀಪರ್, ಅರವತ್ತರ ಹತ್ತಿರ. ಗೇಮ್‌ನಲ್ಲಿ ಅಷ್ಟು ವಯಸ್ಸು ಇಡಲು ಆಗಲಿಲ್ಲ, ಕೂದಲು ಬಿಳಿ ಮಾಡಿದೆವು. ಜರ್ಸಿಯ ಫೋಟೋವನ್ನು ಪೆನ್ ಡ್ರೈವ್‌ಗೆ ಹಾಕಿ ಒಳಗೆ ತಂದೆವು. ಎಡಗಡೆ ಓಡುವ ಚಿಕ್ಕಪ್ಪನಿಗೆ ವೇಗ 99 ಕೊಡಲೇಬೇಕು ಎಂದು ಹುಡುಗ ಹಟ ಹಿಡಿದ. ಕೊಟ್ಟೆವು. ರಾತ್ರಿ ಒಂದು ಗಂಟೆಗೆ ಆ ಕುಟುಂಬ ಬಾರ್ಸಿಲೋನಾವನ್ನು 3-2ರಿಂದ ಸೋಲಿಸಿತು. ಮೂರನೇ ಗೋಲ್ ಆ ಚಿಕ್ಕಪ್ಪನದೇ. ಹೀಗೆ ಆಡಲು ನೆಟ್ ಬೇಕಾಗಲಿಲ್ಲ, ಕಾರ್ಡ್ ಪ್ಯಾಕ್ ಬೇಕಾಗಲಿಲ್ಲ. ಎಡಿಟ್ ಮೋಡ್ ಇಲ್ಲದ ಗೇಮ್‌ನಲ್ಲಿ ಆ ರಾತ್ರಿ ಆಗುತ್ತಿರಲಿಲ್ಲ.

ತಗೊಳ್ಳುವಾಗ ಏನು ನೋಡಬೇಕು ಎಂದು ಕೇಳಿದ್ದೀರಿ. ಡಿಸ್ಕ್ ಡಬ್ಬಿಯ ಹಿಂದೆ, ಅಥವಾ ಸ್ಟೋರ್‌ನ ಪುಟದಲ್ಲಿ, ಎಷ್ಟು ಜನ ಆಡಬಹುದು ಎಂದು ಬರೆದಿರುತ್ತದೆ. ಒಂದೇ ಕನ್ಸೋಲ್‌ನಲ್ಲಿ ಆಡುವವರ ಸಂಖ್ಯೆ ಬೇರೆ, ಆನ್‌ಲೈನ್ ಸಂಖ್ಯೆ ಬೇರೆ. ಮೊದಲನೆಯದು 1 ಎಂದಿದ್ದರೆ ತಮ್ಮನ ಜೊತೆ ಆಡಲು ಆಗುವುದಿಲ್ಲ, ಆನ್‌ಲೈನ್ 22 ಎಂದಿದ್ದರೂ ಅಷ್ಟೇ. ಆನ್‌ಲೈನ್ ಕಡ್ಡಾಯವೋ ಐಚ್ಛಿಕವೋ ಎಂಬುದೂ ಅಲ್ಲೇ ಇರುತ್ತದೆ. ಕರಿಯರ್ ಮೋಡ್‌ಗೂ ನೆಟ್ ಬೇಕಾ ಎಂದು ಬೇರೆಯಾಗಿ ವಿಚಾರಿಸಿ. ಎನ್‌ಬಿಎ 2ಕೆ14ರ ಸರ್ವರ್‌ಗಳನ್ನು 2015ರಲ್ಲಿ ನಿಲ್ಲಿಸಿದಾಗ ಎಷ್ಟೋ ಜನರ ಕರಿಯರ್ ಸೇವ್‌ಗಳು ತೆರೆಯಲಿಲ್ಲ. ಜನ ಗಲಾಟೆ ಮಾಡಿದ ಮೇಲೆ ಮತ್ತೆ ಸರ್ವರ್ ಹಾಕಿದರು. 2014ರಲ್ಲಿ ಬಂದ ದ ಕ್ರೂ ಎಂಬ ರೇಸ್ ಗೇಮ್ ಕಥೆ ಇನ್ನೂ ಕೆಟ್ಟದು. 2024ರ ಮಾರ್ಚ್ 31ಕ್ಕೆ ಸರ್ವರ್ ನಿಂತಿತು, ದುಡ್ಡು ಕೊಟ್ಟವರ ಡಿಸ್ಕ್ ಇದ್ದೂ ಇಲ್ಲದಂತಾಯಿತು.

ಹೊಸ ಕನ್ಸೋಲ್ ಅಥವಾ ಹೊಸ ಎಂಜಿನ್‌ನ ಮೊದಲ ವರ್ಷದ ಗೇಮ್ ದಯವಿಟ್ಟು ಬಿಡುಗಡೆ ದಿನವೇ ತಗೊಳ್ಳಬೇಡಿ. ಮರು ವರ್ಷದ್ದು ಹೆಚ್ಚಿನ ಸಲ ತುಂಬಿಕೊಂಡಿರುತ್ತದೆ. ಹಳೆಯ ಕನ್ಸೋಲ್‌ಗೆ ಲೆಗಸಿ ಎಡಿಷನ್ ಎಂದು ಮಾರುವುದನ್ನೂ ಬಿಡಿ. ಪಿಎಸ್3ಗೆ ಬಂದ ಫಿಫಾ 19 ಅಂಥದ್ದು, ತಂಡಗಳು ಮತ್ತು ಜರ್ಸಿ ಹೊಸದು, ಆಟ ಹಳೆಯದೇ. ಪಿಸಿಯಲ್ಲಿ ಆಡುವವರಾದರೆ ಸ್ಟೀಮ್‌ನಲ್ಲಿ ತಗೊಂಡ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಆ ಎರಡು ಗಂಟೆಯಲ್ಲಿ ಪಂದ್ಯ ಆಡುತ್ತಾ ಕೂರಬೇಡಿ. ಮೊದಲು ನೆಟ್ ತೆಗೆದು, ಎರಡನೇ ಕಂಟ್ರೋಲರ್ ಹಾಕಿ, ಪ್ರತಿ ಮೆನುವನ್ನೂ ತೆರೆದು ನೋಡಿ.

ಮತ್ತೆ, ಹಳೆಯ ಡಿಸ್ಕ್ ಕೊಟ್ಟು ಹೊಸದು ತಗೊಳ್ಳುವ ಆಸೆಗೆ ಬೀಳಬೇಡಿ. 2023ರ ಸೆಪ್ಟೆಂಬರ್‌ನಲ್ಲಿ ಎಫ್‌ಸಿ 24 ಬರುವ ಹೊತ್ತಿಗೆ ಹಳೆಯ ಫಿಫಾಗಳನ್ನು ಡಿಜಿಟಲ್ ಸ್ಟೋರ್‌ಗಳಿಂದ ತೆಗೆದರು. ಡಿಸ್ಕ್ ಇಟ್ಟುಕೊಂಡವರ ಬಳಿ, ಇಲ್ಲವೇ ಮೊದಲೇ ಡಿಜಿಟಲ್ ಆಗಿ ತಗೊಂಡವರ ಬಳಿ ಮಾತ್ರ ಅವು ಉಳಿದಿವೆ. ನಿಮ್ಮ ತಂಡಗಳ ಸೇವ್ ಅನ್ನು ಇವತ್ತೇ ಪೆನ್ ಡ್ರೈವ್‌ಗೆ ಕಾಪಿ ಮಾಡಿಕೊಳ್ಳಿ, ಪಿಎಸ್4ನ ಸೆಟ್ಟಿಂಗ್ಸ್‌ನಲ್ಲೇ ಆ ಆಯ್ಕೆ ಇದೆ. ಇಲ್ಲಿ ಮಳೆಗಾಲದಲ್ಲಿ ಬಟ್ಟೆ, ಪುಸ್ತಕ, ಚಪ್ಪಲಿ ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ನಮ್ಮಮ್ಮ ಒಂದು ಬೀರುವಿನಲ್ಲಿ ಸಣ್ಣ ಬಲ್ಬ್ ಉರಿಸಿಟ್ಟು ರೇಷ್ಮೆ ಸೀರೆ ಮತ್ತು ಜಮೀನಿನ ಪತ್ರ ಕಾಯುತ್ತಾರೆ. ಪಿಇಎಸ್ 2021ರ ಡಿಸ್ಕ್, ಆ ಪೆನ್ ಡ್ರೈವ್ ಎರಡನ್ನೂ ಅದರಲ್ಲೇ ಇಟ್ಟಿದ್ದೇನೆ. ನಿಮ್ಮ ಬಳಿ ಯಾವ ಕನ್ಸೋಲ್ ಇದೆ, ಯಾವ ಗೇಮ್ ತಗೊಂಡಿರಿ ಎಂದು ತಿಳಿಸಿ. ಅದರ ಹಿಂದಿನ ಯಾವ ಭಾಗದಲ್ಲಿ ಇಬ್ಬರು ಆಡಬಹುದು ಎಂದು ನೋಡಿ ಹೇಳುತ್ತೇನೆ.